ಆಫೀಸರ್ ಬರುತ್ತಾರೆಂದು ಹಾಡಿ ಗುಡಿಸಿದೆವು

ಕೆ.ಆರ್. ನಗರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸಾಗಿದ್ದೆ. ಹೆರಿಗೆಗೆ ಬಂದ ಹೆಂಗಸರ ಅತ್ತೆಯಂದಿರು ಡ್ರಿಪ್ ಹಾಕುವ ನನ್ನ ಕೈಯನ್ನೇ ನೋಡುತ್ತ ಕೂತಿರುತ್ತಿದ್ದರು. ಸ್ವಲ್ಪ ಸಲಿಗೆಯಾದ ಮೇಲೆ ಕೇಳುತ್ತಿದ್ದರು, "ಸಿಸ್ಟರ್, ನೀವ್ಯಾವ ಜನ?" ನಾನು ಮಾತು ತೇಲಿಸುವವಳಲ್ಲ. "ಜೇನುಕುರುಬರು ಕಣ್ರಮ್ಮ. ಕೋಟೆ ಕಡೆ ಕಾಡಂಚಿನ ಹಾಡಿಯವಳು" ಅನ್ನುತ್ತಿದ್ದೆ. ಮುಂದಿನ ಮಾತು ನನಗೆ ಬಾಯಿಪಾಠ. "ಅಯ್ಯೋ, ನೋಡಿದ್ರೆ ಅಂಗೆ ಕಾಣಾಕಿಲ್ವಲ್ಲ!" ಹೊಗಳುತ್ತಿದ್ದೇವೆ ಅಂದುಕೊಂಡೇ ಹೇಳುತ್ತಿದ್ದರು. ಒಬ್ಬ ಅಜ್ಜಿಯಂತೂ ಸೊಸೆಯ ಕಡೆ ತಿರುಗಿ, "ಎಷ್ಟು ಲಕ್ಷಣವಾಗವ್ಳೆ ನೋಡು" ಎಂದು ನನ್ನ ಎದುರಿಗೇ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಮೈಯೆಲ್ಲ ಉರಿದುಹೋಗುತ್ತಿತ್ತು. ಆದರೆ ಆ ಮುದುಕಿಯರ ಮೇಲೆ ಈಗ ನನಗೆ ಸಿಟ್ಟಿಲ್ಲ. ಅವರು ಬಾಯಲ್ಲಿ ಆಡಿ ಮರೆತರು. ಅದೇ ಮಾತನ್ನು ಸರ್ಕಾರ ಟೈಪು ಮಾಡಿ, ಸೀಲು ಒತ್ತಿ, ರಿಜಿಸ್ಟರ್ ಪೋಸ್ಟಿನಲ್ಲಿ ಮನೆಗೆ ಕಳಿಸಿತಲ್ಲ, ಅದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಆಗಿದ್ದು ಇಷ್ಟು. ಸರ್ಕಾರಿ ಆಸ್ಪತ್ರೆಯ ನರ್ಸ್ ಹುದ್ದೆಗೆ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನಮ್ಮ ಹಾಡಿಯಲ್ಲಿ ಓದಿ ಸರ್ಕಾರಿ ಕೆಲಸ ಹಿಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅವ್ವ ಆ ಪಟ್ಟಿಯ ಹಾಳೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಮನೆಗೂ ತೋರಿಸಿ ಬಂದಳು. ಅವಳಿಗೆ ಓದಲು ಬರುವುದಿಲ್ಲ, ನನ್ನ ಹೆಸರಿರುವ ಸಾಲನ್ನು ಉಗುರಿನಲ್ಲಿ ಗುರುತು ಮಾಡಿಕೊಂಡಿದ್ದಳು. ನೇಮಕದ ಆದೇಶ ಇನ್ನೇನು ಕೈಗೆ ಬರಬೇಕು, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಮೂಗರ್ಜಿ ಹಾಕಿದರು. ಹೆಸರಿಲ್ಲ, ಸಹಿಯಿಲ್ಲ. ಸದರಿ ಅಭ್ಯರ್ಥಿಯು ಪಟ್ಟಣದಲ್ಲಿ ಬೆಳೆದವರು, ಶುದ್ಧ ಕನ್ನಡ ಮಾತನಾಡುತ್ತಾರೆ, ನಡೆನುಡಿಯಲ್ಲಿ ಬುಡಕಟ್ಟಿನವರಂತೆ ಇಲ್ಲ, ಆದ್ದರಿಂದ ಇವರ ಜಾತಿ ಪ್ರಮಾಣಪತ್ರ ಸುಳ್ಳು. ಆದೇಶ ನಿಂತುಹೋಯಿತು. ಪ್ರಮಾಣಪತ್ರ ನಿಜ ಎಂದು ಸಾಬೀತಾದರೆ ಕೆಲಸ, ಸುಳ್ಳಾದರೆ ಕೇಸು ಎಂದು ಕಾಗದ ಬಂತು. ನನ್ನದು ಸುಳ್ಳಾದರೆ ತಮ್ಮನ ಮಕ್ಕಳದ್ದೂ ಸುಳ್ಳಾಗುತ್ತದೆ ಎಂದು ಪಂಚಾಯ್ತಿಯಲ್ಲಿ ಯಾರೋ ಹೆದರಿಸಿ ಕಳಿಸಿದರು.

ಪಟ್ಟಣದಲ್ಲಿ ಬೆಳೆದವಳು! ಪಟ್ಟಣಕ್ಕೆ ನಾನೇನು ಶೋಕಿಗೆ ಹೋದೆನೇ? ಅಪ್ಪ ಅವ್ವ ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯ ಹೊಲಗಳಲ್ಲಿ ಹೊಗೆಸೊಪ್ಪು ಮುರಿಯಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲೇ ಅವರ ವಾಸ. ನನ್ನನ್ನು ಹುಣಸೂರಿನ ಹಾಸ್ಟೆಲಿಗೆ ಹಾಕಿದ್ದು ಅದಕ್ಕೆ. ಅಲ್ಲಿ ನಾನು ನಮ್ಮ ಮಾತಿನಲ್ಲಿ ನೀರು ಕೇಳಿದರೆ ಇಡೀ ಕೋಣೆ ನಗುತ್ತಿತ್ತು. ಮೊದಲ ವರ್ಷ ಅತ್ತೆ, ಎರಡನೇ ವರ್ಷ ಜಗಳವಾಡಿದೆ, ಮೂರನೇ ವರ್ಷಕ್ಕೆ ನಗುವವರಿಗಿಂತ ಚೆನ್ನಾಗಿ ಕನ್ನಡ ಮಾತಾಡಲು ಕಲಿತು ಬಾಯಿ ಮುಚ್ಚಿಸಿದೆ. ಆ ಕನ್ನಡ ನನ್ನ ಸ್ವಂತ ಸಂಪಾದನೆ. ಅದನ್ನೇ ನನ್ನ ಮೇಲೆ ದೂರು ಹೇಳಲು ಬಳಸಿದರು.

ಅಧಿಕಾರಿಯೊಬ್ಬರು ಹಾಡಿಗೇ ಬಂದು ನಮ್ಮ ಆಚಾರ ವಿಚಾರ ನೋಡಿ ವರದಿ ಕೊಡುತ್ತಾರೆ ಎಂದು ದಿನ ಗೊತ್ತಾಯಿತು. ಇಲ್ಲಿಂದ ಮುಂದಿನದ್ದು ಹೇಳಲು ನನಗೆ ಈಗಲೂ ನಾಚಿಕೆ.

ನಮ್ಮ ಹಾಡಿಗೆ ಜೀಪು ಬರುತ್ತದೆ ಅಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ನಾನು ಕಂಡ ಹಾಗೆ ಒಳ್ಳೆ ಮಾತಿಗೆ ಬಂದ ಜೀಪು ಕಡಿಮೆ. ಸ್ನಾನ ಮಾಡ್ತೀರೋ ಇಲ್ವೋ ಎಂದು ಬೈಯಲು ಒಬ್ಬರು, ಮಕ್ಕಳನ್ನು ಯಾಕೆ ಸ್ಕೂಲಿಗೆ ಕಳಿಸಿಲ್ಲ ಎಂದು ಇನ್ನೊಬ್ಬರು. ಅದಕ್ಕಿಂತ ದೊಡ್ಡದು ಕೇಸಿನ ಭಯ. ಡಬ್ಬಿಯಲ್ಲಿ ಜೇನು ಸಿಕ್ಕಿದರೆ ಎಲ್ಲಿಂದ ತಂದೆ ಅನ್ನುತ್ತಾರೆ. ಬಿದಿರು ಬುಟ್ಟಿ ಕಂಡರೆ ಬಿದಿರು ಎಲ್ಲಿ ಕಡಿದೆ ಅನ್ನುತ್ತಾರೆ. ಗೆಣಸು ಅಗೆಯುವ ಕೋಲು, ಮಚ್ಚು, ಸೌದೆ ಹೊರೆ, ಯಾವುದು ಕಣ್ಣಿಗೆ ಬಿದ್ದರೂ ಪ್ರಶ್ನೆಯೇ. ಹಾಗಾಗಿ ಜೀಪಿನ ಸದ್ದು ಕೇಳಿದ ಕೂಡಲೇ ನಮ್ಮ ಹೆಂಗಸರ ಕೈ ತಾನಾಗಿ ಓಡುತ್ತದೆ. ಜೇನು ಹಿತ್ತಿಲ ಗುಂಡಿಗೆ, ಬುಟ್ಟಿ ಅಟ್ಟಕ್ಕೆ, ಮಚ್ಚು ಹುಲ್ಲಿನೊಳಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಆರು ವರ್ಷದ ಮಗುವಿಗೂ ಗೊತ್ತು.

ಈ ಸಲವಂತೂ ಮೂರು ದಿನ ಮೊದಲೇ ತಿಳಿದಿತ್ತಲ್ಲ, ಕೇಳಬೇಕೇ! ಇಡೀ ಹಾಡಿ ನನ್ನ ಮಾನ ಉಳಿಸಲು ಟೊಂಕ ಕಟ್ಟಿ ನಿಂತಿತು. ಗುಡಿಸಿದರು, ಸಾರಿಸಿದರು. ಬುಟ್ಟಿ, ಕೋಲು, ಜೇನಿನ ಡಬ್ಬಿ ಎಲ್ಲ ಮಾಯ. ಅಂತರಸಂತೆಯಿಂದ ಪ್ಲಾಸ್ಟಿಕ್ ಕುರ್ಚಿ ಬಂದವು. ಹುಣಸೂರಿನ ಬೇಕರಿಯಿಂದ ಮೈಸೂರು ಪಾಕು ಬಂತು. ಅವ್ವ ಮಡಿಕೆ ಬಿಚ್ಚದ ಸೀರೆ ಉಟ್ಟಳು, ಎಂದೂ ಹಾಕದ ಚಪ್ಪಲಿ ಹಾಕಿದಳು. ಮರದಡಿಯ ನಮ್ಮ ದೇವರ ಕಲ್ಲಿನ ಮುಂದೆ ಬಟ್ಟೆ ಕಟ್ಟಿ ಮರೆ ಮಾಡಿ, ಗೋಡೆಯ ಮೇಲೆ ಲಕ್ಷ್ಮಿ ಸರಸ್ವತಿಯರ ಕ್ಯಾಲೆಂಡರ್ ನೇತುಹಾಕಿದರು. ಮಕ್ಕಳಿಗೆ ಮನೆಮಾತು ಆಡಿದರೆ ಬಾಸುಂಡೆ ಬರಿಸುತ್ತೇವೆ ಎಂದು ಹೆದರಿಸಿ ಕೂರಿಸಿದರು. ಕಬಿನಿ ಹಿನ್ನೀರಿನ ರೆಸಾರ್ಟಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪ ಕಾಲರ್ ಇರುವ ಟೀ ಶರ್ಟು ಇನ್‌ಶರ್ಟ್ ಮಾಡಿಕೊಂಡು ಬಂದ. ಇನ್ನು ನಾನು, ಓದಿದವಳು, ಏನು ಮಾಡಿದೆ? ಕೆ.ಆರ್. ನಗರದಿಂದ ಹೂವಿನ ಚಿತ್ರದ ಒಂದು ಬಟ್ಟೆ ತಂದು ಟೇಬಲ್ಲಿನ ಮೇಲೆ ಹಾಸಿದೆ. ಎಷ್ಟು ನೀಟಾಗಿದೆ ನಮ್ಮ ಹಾಡಿ ಎಂದು ಹೆಮ್ಮೆಪಟ್ಟುಕೊಂಡೆ.

ಬಂದ ಅಧಿಕಾರಿ ಕೆಟ್ಟವರೇನಲ್ಲ, ಮೆತ್ತಗಿನ ಮನುಷ್ಯ. ಮೈಸೂರು ಪಾಕು ತಿಂದು ಚೆನ್ನಾಗಿದೆ ಅಂದರು. ನಿಮ್ಮದೇ ವಿಚಾರಣೆ, ನೀವು ಮಧ್ಯೆ ಮಾತಾಡಬಾರದು ಎಂದು ನನ್ನನ್ನು ದೂರದ ಕಟ್ಟೆಯ ಮೇಲೆ ಕೂರಿಸಿದರು. ಆಮೇಲೆ ಟೈಪು ಮಾಡಿದ ಒಂದು ಹಾಳೆ ತೆಗೆದು ಒಂದೊಂದೇ ಪ್ರಶ್ನೆ ಓದತೊಡಗಿದರು.

"ನಿಮ್ಮ ಕುಲಕಸುಬು ಏನು?"

"ಕೂಲಿ, ಬುದ್ದಿ" ಎಂದಳು ಅವ್ವ, ಕೈಕಟ್ಟಿ ನಿಂತು.

"ಜೇನು ಕೀಳ್ತೀರಾ?"

ಹತ್ತು ಬಾಯಿ ಒಟ್ಟಿಗೇ ತೆರೆದವು. "ಇಲ್ಲ ಬುದ್ದಿ! ನಾವು ಕಾಡೊಳೀಕೆ ಓಗಾಕೇ ಇಲ್ಲ!"

"ಬಿದಿರಿನ ಕೆಲಸ?"

"ಬಿದ್ರ ಮುಟ್ಟಾಕಿಲ್ಲ ಬುದ್ದಿ."

"ಗೆಡ್ಡೆ ಗೆಣಸು?"

"ರೇಸನ್ ಅಕ್ಕಿ ಬತ್ತದಲ್ಲ ಬುದ್ದಿ, ಅದೇ ಸಾಕು."

"ನಿಮ್ಮ ಭಾಷೆ?"

"ಕನ್ನಡವೇ ಬುದ್ದಿ."

"ದೇವರು?"

ಅವ್ವ ಕ್ಯಾಲೆಂಡರ್ ಕಡೆ ಕೈ ತೋರಿಸಿದಳು. ನಾನು ಕಟ್ಟೆಯಿಂದ ಅರ್ಧ ಎದ್ದೆ. ಅಯ್ಯೋ ಅವ್ವ, ಅವರು ಕೇಸು ಹಾಕಲು ಬಂದಿಲ್ಲ ಕಣೇ, ಹೂಂ ಅನ್ನೇ ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಹೇಳಿಕೊಟ್ಟಳು ಎಂದು ಬರೆದುಕೊಳ್ಳುತ್ತಾರೆ. ಮತ್ತೆ ಕೂತೆ. ಅಧಿಕಾರಿ ಎಲ್ಲಕ್ಕೂ ಇಲ್ಲ, ಇಲ್ಲ, ಇಲ್ಲ ಎಂದು ಗೀಚಿಕೊಂಡು, ಕೈ ಮುಗಿದು, ಜೀಪು ಹತ್ತಿ ಹೋದರು. ಜೀಪು ತಿರುವು ದಾಟಿದ ಮೇಲೆ ಹಾಡಿಯವರೆಲ್ಲ ನನ್ನ ಸುತ್ತ ಸೇರಿ, "ಒಂದೂ ಬುಟ್ಟುಕೊಡ್ನಿಲ್ಲ ನೋಡು ಮಗ" ಎಂದು ಬೆನ್ನು ತಟ್ಟಿದರು.

ಬುಡಕಟ್ಟಿನ ಯಾವುದೇ ಲಕ್ಷಣಗಳು ಕಂಡುಬಂದಿರುವುದಿಲ್ಲ. ವರದಿಯಲ್ಲಿ ಹೀಗೆಂದಿತ್ತು. ಕಾಗದ ಹಿಡಿದು ಹಾಡಿಗೆ ಬಂದವಳೇ ಅವ್ವನ ಮೇಲೆ ಹರಿಹಾಯ್ದೆ. "ಜೇನು ಬ್ಯಾಡ, ಬಿದ್ರು ಬ್ಯಾಡ, ದೇವ್ರೂ ಬ್ಯಾಡ! ಇನ್ನೇನು ಉಳಿಸ್ದೆ ನನಗೆ? ನನ್ನ ಬದುಕು ಮೂರಾಬಟ್ಟೆ ಮಾಡ್ಬುಟ್ಟಲ್ಲ!"

ಅವ್ವ ಒಲೆ ಮುಂದಿನಿಂದ ಏಳಲಿಲ್ಲ. "ನಿಮ್ಮಪ್ಪನ್ನ ಒಂದ್ಸಲ ಒಂದು ಡಬ್ಬ ಜೇನಿಗೆ ಜೀಪಲ್ಲಿ ಕೂರಿಸ್ಕೊಂಡು ಓದ್ರಲ್ಲ, ನೀನು ಆಸ್ಟೆಲಲ್ಲಿದ್ದೆ. ನಾನು ಇಲ್ಲಿದ್ದೆ. ಜೇನು ಅದೆ ಅಂತ ಬಾಯಿ ಬತ್ತದಾ ನನಗೆ?" ಎಂದಳು. ಆಮೇಲೆ ಸೌದೆ ಒಳಗೆ ತಳ್ಳುತ್ತ ಇನ್ನೊಂದು ಮಾತು ಸೇರಿಸಿದಳು. "ನೀನೂ ಟೇಬಲ್ ಮ್ಯಾಲೆ ಬಟ್ಟೆ ಆಸ್ದಲ್ಲವ್ವ."

ಆಮೇಲೆ ಕೊನೆಯ ವಿಚಾರಣೆಗೆ ಕರೆ ಬಂತು. ಮೈಸೂರಿನ ಕಚೇರಿಯೊಂದರಲ್ಲಿ ಮೂರು ಜನರ ಸಮಿತಿ, ಅಪ್ಪ ತೀರಿಹೋಗಿದ್ದ ಕಾರಣ ತಾಯಿಯನ್ನು ಕರೆದುಕೊಂಡು ಬರಬೇಕು. ಅದು ಕೈಬಿಟ್ಟರೆ ಮುಗಿಯಿತು. ಚಿಕ್ಕಪ್ಪ ಒಂದು ಉಪಾಯ ಹೇಳಿದ. ರೆಸಾರ್ಟಿನಲ್ಲಿ ಅವನ ಕೆಲಸವೇ ಪ್ರವಾಸಿಗರ ಮುಂದೆ ಕುಣಿಯುವುದು. ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಣ್ಣ, ತಲೆಗೆ ಗರಿ. ಆ ವೇಷವನ್ನು ನಮ್ಮ ಜನ ಯಾವ ಕಾಲಕ್ಕೂ ಹಾಕಿದವರಲ್ಲ. ಅಲ್ಲಿನ ಮ್ಯಾನೇಜರು ಹೇಳಿ ಮೈಸೂರಿನ ಟೈಲರ್ ಹತ್ತಿರ ಹೊಲಿಸಿದ್ದು, ಸೊಪ್ಪು ಕೂಡ ಪ್ಲಾಸ್ಟಿಕ್ಕಿನದು. "ಅವ್ರಿಗೆ ಬೇಕಾದ್ದು ಅದೇ ಕಣ್ ಮಗ. ಎರಡು ಜೊತೆ ತತ್ತೀನಿ. ನೀನೂ ನಿಮ್ಮವ್ವನೂ ಆಕ್ಕೊಂಡು ಒಂದು ಸುತ್ತು ಕುಣೀರಿ. ಅಲ್ಲೇ ಸಯಿನ್ ಮಾಡಿ ಕೊಡ್ತಾರೆ."

ಸುಳ್ಳು ಯಾಕೆ ಹೇಳಲಿ, ನಾನು ಒಪ್ಪಿದೆ. ಎರಡು ದಿನ ಒಪ್ಪಿಕೊಂಡೇ ಇದ್ದೆ. ಕೆಲಸ ಸಿಗಲಿ, ಆಮೇಲೆ ಬೇಕಾದರೆ ಆ ಸೊಪ್ಪನ್ನು ಬೆಂಕಿಗೆ ಹಾಕೋಣ ಅಂದುಕೊಂಡೆ. ಮೂರನೇ ದಿನ ಚಿಕ್ಕಪ್ಪ ಚೀಲ ತಂದ. ಅವ್ವ ಸೀರೆಯ ಮೇಲೇ ಆ ಪ್ಲಾಸ್ಟಿಕ್ ಸೊಪ್ಪನ್ನು ಕಟ್ಟಿಕೊಂಡು, ಎರಡು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. "ಸರ್ಯಾಗದಾ?" ಎಂದು ನನ್ನ ಮುಖ ನೋಡಿದಳು. ಮಗಳಿಗಾಗಿ ಅವಳು ಅದನ್ನೂ ಕಟ್ಟಿಕೊಳ್ಳಲು ತಯಾರಿದ್ದಳು. ಥೂ, ನನ್ನ ಜನ್ಮವೇ ಎನ್ನಿಸಿತು. ಹೋಗಿ ನಾನೇ ಗಂಟು ಬಿಚ್ಚಿದೆ.

ಚಿಕ್ಕಪ್ಪನಿಗೆ ಕೋಪ ಬಂತು. "ಇದನ್ನೇ ದಿನಾ ಕಟ್ಕೊಂಡು ಕುಣ್ದು ಮನೆ ಮಕ್ಕಳ್ನ ಸಾಕಿವ್ನಿ ನಾನು. ನಿನಗೆ ಓದು ಬಂತು ಅಂತ ಅಸಯ್ಯನಾ?" ಎಂದ.

"ನಿನ್ನ ಕೆಲ್ಸಕ್ಕೆ ನಾನು ಏನೂ ಅಂದಿಲ್ಲ ಚಿಕ್ಕಪ್ಪ. ಅಲ್ಲಿ ನೋಡೋರು ಇದು ಆಟ ಅಂತ ಗೊತ್ತಿದ್ದೇ ನೋಡ್ತಾರೆ. ಇಲ್ಲಿ ಇದನ್ನೇ ನಿಜ ಅಂತ ಬರ್ಕೊತಾರೆ. ನಾಳೆ ನಿನ್ನ ಮೊಮ್ಮಗಳು ಸರ್ಟಿಫಿಕೇಟ್ ಕೇಳಕ್ಕೆ ಹೋದ್ರೆ ಎಲ್ಲಿ ನಿನ್ನ ಸೊಪ್ಪು ಅಂತಾರೆ. ಅವಳೂ ಕಟ್ಕೊಂಡೇ ಹೋಗ್ಬೇಕು." ನಾನು ಹೇಳಿದ್ದು ಅಷ್ಟು. ಚಿಕ್ಕಪ್ಪ ತಲೆ ತಗ್ಗಿಸಿ ಚೀಲ ಮಡಚಿದ. ಹೋಗುವಾಗ, "ಕೆಲ್ಸ ಓದ್ರೆ ನನ್ನ ಅನ್ಬ್ಯಾಡ" ಎಂದ. ನನಗೂ ಭಯವಿತ್ತು. ಭಯ ಇರಲಿಲ್ಲ ಅಂತ ಹೇಳಿದರೆ ಯಾರೂ ನಂಬುವುದಿಲ್ಲ.

ವಿಚಾರಣೆಯ ದಿನ ಅವ್ವ ದಿನಾ ಉಡುವ ಸೀರೆಯಲ್ಲೇ ಬಂದಳು. ನಾನು ಡ್ಯೂಟಿಗೆ ಹಾಕುವ ಚೂಡಿದಾರ ಹಾಕಿದ್ದೆ. ಟೇಬಲ್ಲಿನ ಆ ಕಡೆ ಅಧ್ಯಕ್ಷರು ಒಬ್ಬ ಹೆಂಗಸು, ಪಕ್ಕದಲ್ಲಿ ಬುಡಕಟ್ಟು ಸಂಸ್ಕೃತಿಯ ಬಗ್ಗೆ ತಿಳಿದವರು ಎಂದು ಕರೆಸಿದ ಒಬ್ಬ ಹಿರಿಯರು, ಇನ್ನೊಬ್ಬರು ಕಡತ ತಿರುವುತ್ತಿದ್ದರು. ಈ ಕಡೆ ಎರಡು ಖಾಲಿ ಕುರ್ಚಿ. ನಾನು ಕೂತೆ. ಅವ್ವ ಗೋಡೆ ಪಕ್ಕ ನಿಂತಳು. ಕೂರು ಅಂದರೂ ಕೂರಲಿಲ್ಲ. ಆಫೀಸರ ಮುಂದೆ ಅವಳು ಕೂತದ್ದು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ತಜ್ಞರು ಮೊದಲು ಕೇಳಿದ್ದೇ, "ಜೇನು ಕೀಳುವಾಗ ಹೇಳುವ ಹಾಡು ಹಾಡಮ್ಮ."

"ನಾನು ಮರ ಹತ್ತಿದವಳಲ್ಲ ಸಾರ್. ಇಂಜೆಕ್ಷನ್ ಹಾಕ್ತೀನಿ. ಅದನ್ನೂ ಜೇನುಕುರುಬಳಾಗಿದ್ದುಕೊಂಡೇ ಹಾಕ್ತೀನಿ" ಎಂದೆ.

"ಹಾಗಾದರೆ ನಿಮ್ಮ ಕುಣಿತ ಯಾವುದಾದರೂ ಬರುತ್ತಾ?"

"ಬರುತ್ತೆ. ಮನೆಯಲ್ಲಿ ಮದುವೆ ಇದ್ದಾಗ ಕುಣೀತೀನಿ. ಇಲ್ಲಿ ಯಾರದ್ದು ಮದುವೆ?"

ಅವರ ಮುಖ ಕೆಂಪಾಯಿತು. ಅಧ್ಯಕ್ಷರು ಕೈ ಎತ್ತಿ ತಡೆದರು. "ಕೋಪ ಮಾಡ್ಕೋಬೇಡಿ. ನಮಗೂ ಏನಾದರೂ ಆಧಾರ ಬೇಕು. ನಿಮ್ಮ ಕುಟುಂಬ ಕಾಡಿನ ಹಾಡಿಯಲ್ಲಿತ್ತು ಅನ್ನೋದಕ್ಕೆ ಒಂದು ಕಾಗದ, ಏನಾದರೂ ಇದೆಯಾ?"

ಇರಲಿಲ್ಲ. ಕಾಡಿನಲ್ಲಿದ್ದವರಿಗೆ ಯಾರು ಕಾಗದ ಕೊಟ್ಟಿದ್ದರು? ಇಲ್ಲ ಮೇಡಂ ಎನ್ನಲು ಬಾಯಿ ತೆರೆದೆ. ಕೆಲಸ ಹೋಯಿತು ಎಂದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಾಯಿತು. ಆಗ ಪಕ್ಕದ ಕುರ್ಚಿ ಎಳೆದ ಸದ್ದಾಯಿತು. ಅವ್ವ ಬಂದು ಕೂತಳು. ಮೊಣಕೈ ಟೇಬಲ್ಲಿನ ಮೇಲಿಟ್ಟಳು.

"ಕಾಕನಕೋಟೆ ಕಡೆ ಒಳಗಡೆ ನಮ್ಮಾಡಿ ಇತ್ತು" ಎಂದು ಶುರು ಮಾಡಿದಳು. ಬುದ್ದಿ ಎನ್ನಲಿಲ್ಲ, ಸ್ವಾಮಿ ಎನ್ನಲಿಲ್ಲ. "ನಾನಾಗ ಇಷ್ಟುದ್ದ ಇದ್ದೆ. ಬೆಳ್ಗೆ ಲಾರಿ ಬಂದೋ. ನಮ್ಮವ್ವ ಒಲೆ ಮ್ಯಾಲೆ ಗೆಣಸು ಬೇಯಾಕಿಟ್ಟಿದ್ಲು, ಅದ ಇಳಿಸ್ಕೊಳ್ಳಾಕೂ ಬುಡ್ನಿಲ್ಲ. ಎಲ್ಲಾರ್ನೂ ಎಳ್ದು ಎಳ್ದು ಅತ್ತಿಸಿದ್ರು. ಅವತ್ತು ಯಾರೂ ನಮ್ಮ ಆಡೇಳು ಅನ್ನಿಲ್ಲ. ಕುಣಿ ಅನ್ನಿಲ್ಲ. ನಿಮ್ಮ ದೇವ್ರು ಯಾವ್ದು ಅಂತ ಕೇಳ್ನಿಲ್ಲ. ಸಾಟಿಪಿಕೇಟ್ ತೋರ್ಸು, ಆಮ್ಯಾಕೆ ಲಾರಿ ಅತ್ತು ಅನ್ನಿಲ್ಲ. ನೋಡ್ದೇಟ್ಗೇ ಗೊತ್ತಾಗೋಯ್ತು ಸರ್ಕಾರಕ್ಕೆ, ಇವ್ರು ಯಾರು ಅಂತ. ಒಬ್ರನ್ನೂ ತಪ್ಪಿ ಅತ್ತಿಸ್ನಿಲ್ಲ, ಒಬ್ರನ್ನೂ ಮರ್ತು ಬುಡ್ನಿಲ್ಲ. ಅವತ್ತು ಓಡ್ಸಾಕೆ ಗುರ್ತು ಸಿಕ್ತಲ್ಲ, ಇವತ್ತು ನನ್ನ ಮಗಳಿಗೆ ಕೆಲ್ಸ ಕೊಡಾಕೆ ಯಾಕೆ ಗುರ್ತು ಸಿಕ್ಕಾಕಿಲ್ಲ?"

ಈ ಗೆಣಸಿನ ಕಥೆಯನ್ನು ಅವ್ವ ನನಗೇ ಯಾವತ್ತೂ ಹೇಳಿರಲಿಲ್ಲ.

ತಜ್ಞರು ಕೆಮ್ಮಿದರು. "ಇದು ಸಂಬಂಧಪಡದ ವಿಷಯ. ಹೇಳಿಕೆಯಲ್ಲಿ ಸೇರಿಸುವ ಅಗತ್ಯವಿಲ್ಲ."

"ಬರ್ಕೊಳ್ಳಿ" ಎಂದಳು ಅವ್ವ. "ಓದ್ಸಲ ಆಡಿಗೆ ಬಂದೋರು ನಾವು ಭಯಕ್ಕೆ ಏಳಿದ್ದೆಲ್ಲಾನೂ ಬರ್ಕೊಂಡ್ರು. ಇದ ಭಯ ಬುಟ್ಟು ಏಳಿವ್ನಿ. ಇದನ್ನೂ ಬರ್ಕೊಳ್ಳಿ. ಬರ್ಕೊಳ್ಳೋಗಂಟ ನಾನು ಈ ಕುರ್ಚಿಯಿಂದ ಏಳಾಕಿಲ್ಲ."

ಅಧ್ಯಕ್ಷರು ಮೂಲೆಯಲ್ಲಿದ್ದ ಟೈಪಿಸ್ಟ್ ಕಡೆ ತಿರುಗಿ ಟೈಪ್ ಮಾಡಿ ಎಂದರು. ಅವ್ವ ಅಷ್ಟಕ್ಕೆ ಬಿಡುವ ಪೈಕಿಯಲ್ಲ. ಓದಿ ಹೇಳಿ ಎಂದಳು. ಟೈಪಿಸ್ಟ್ ಓದಿದ. ಸದರಿ ಕುಟುಂಬವು ಅರಣ್ಯ ಪ್ರದೇಶದಿಂದ ಸ್ಥಳಾಂತರಗೊಂಡಿರುತ್ತದೆ ಎಂದಿತ್ತು. ಹಾಗಂದರೇನು ಎಂದು ಅವ್ವ ನನ್ನನ್ನು ಕೇಳಿದಳು, ಹೇಳಿದೆ. "ಅಂಗಾದ್ರೆ ನಾವೇ ಗಂಟುಮೂಟೆ ಕಟ್ಕೊಂಡು ಒಂಟಂಗಾಯ್ತದೆ. ಅದ ಒಡೀರಿ. ಎಳ್ದು ಲಾರಿಗಾಕಿದ್ರು ಅಂತ ಬರೀರಿ" ಎಂದಳು. ಎರಡನೇ ಸಲ ಓದಿಸಿದಳು. ಗೆಣಸು ಬಿಟ್ಟುಹೋಗಿತ್ತು. ಅದನ್ನೂ ಹಾಕಿಸಿದಳು. ಮೂರನೇ ಸಲಕ್ಕೆ ಹೆಬ್ಬೆಟ್ಟು ಒತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ನೋಡಿದೆ, ಶಾಯಿ ಇನ್ನೂ ಬೆರಳಲ್ಲೇ ಇತ್ತು. "ಅಷ್ಟು ಮಾತಾಡಿದ್ಯಲ್ಲವ್ವ, ಎದೆ ಹೊಡ್ಕೊಳ್ಳಲಿಲ್ವಾ?" ಎಂದೆ. "ಒಡ್ಕತಿತ್ತು. ಅದಕ್ಕೇ ಕುಂತ್ಕೊಂಡೆ, ಕಾಲು ನಿಲ್ನಿಲ್ಲ" ಎಂದಳು.

ಕೆಲವು ತಿಂಗಳಾದ ಮೇಲೆ ಪ್ರಮಾಣಪತ್ರ ನಿಜ ಎಂದು ಆದೇಶ ಬಂತು. ಈಗ ನಾನು ಸರ್ಕಾರಿ ಆಸ್ಪತ್ರೆಯಲ್ಲೇ ಇದ್ದೇನೆ. ನೋಡಿದರೆ ಹಾಗೆ ಕಾಣುವುದಿಲ್ಲ ಎನ್ನುವವರು ಇಲ್ಲೂ ಇದ್ದಾರೆ. ಹೇಗೆ ಕಾಣಬೇಕಿತ್ತು ಹೇಳಿ ಎಂದು ಕೇಳುತ್ತೇನೆ, ಸೂಜಿ ಕೈಯಲ್ಲಿ ಹಿಡಿದುಕೊಂಡೇ.

ಆದೇಶದ ಜೊತೆ ನಾನು ಇನ್ನೊಂದು ಕಾಗದಕ್ಕೂ ಅರ್ಜಿ ಹಾಕಿದ್ದೆ, ಅವ್ವನ ಹೇಳಿಕೆಯ ದೃಢೀಕೃತ ನಕಲಿಗೆ. ನೆನಪಿಗೆ ಇರಲಿ ಎಂದಷ್ಟೇ ಕೇಳಿದ್ದು. ಅದು ಬಂದು ಅವ್ವನ ಕೈಗೆ ಕೊಟ್ಟ ವಾರಕ್ಕೆಲ್ಲ ಹಾಡಿಯವರು ಒಬ್ಬೊಬ್ಬರಾಗಿ ಜೆರಾಕ್ಸಿಗೆ ಬರತೊಡಗಿದರು. ಹಳೆಯ ಜಾಗದ ಮೇಲೆ ಅರಣ್ಯ ಹಕ್ಕಿನ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮನೆಗಳವು. ನೀವು ಅಲ್ಲಿದ್ದಿರಿ ಎನ್ನಲು ಒಂದು ಕಾಗದ ತನ್ನಿ ಎಂದೇ ಪ್ರತಿ ಸಲ ವಾಪಸ್ ಕಳಿಸುತ್ತಿದ್ದರು. ಲಾರಿಗೆ ಹತ್ತಿಸಿದವರು ರಸೀದಿ ಕೊಟ್ಟಿರಲಿಲ್ಲವಲ್ಲ.

ಹೋದ ತಿಂಗಳು ಆ ಅರ್ಜಿಗಳ ತನಿಖೆಗೆ ಒಬ್ಬ ಅಧಿಕಾರಿ ಬಂದಿದ್ದರು. ನಾನು ರಜೆ ಹಾಕಿ ಹೋಗಿದ್ದೆ. ಹಾಡಿಯ ಮನೆಯವರೆಲ್ಲ ಅದೇ ಹಾಳೆಯನ್ನು ಮುಂದಿಟ್ಟರು. ಅವರು ಓದಿದರು, ತಿರುಗಿಸಿ ನೋಡಿದರು, ಮತ್ತೆ ಓದಿದರು. "ಇದನ್ನ ಯಾರು ಬರ್ದುಕೊಟ್ರು ನಿಮಗೆ?" ಎಂದು ಅವ್ವನನ್ನು ಕೇಳಿದರು.

ಅವ್ವ ಹಾಳೆಯ ಕೆಳಗಿನ ದುಂಡು ಸೀಲಿನ ಮೇಲೆ ಬೆರಳಿಟ್ಟಳು.

"ನೀವೇ" ಎಂದಳು.